ಮುತ್ತಜ್ಜನ ಪುಸ್ತಕದಲ್ಲಿ ‘ಮುಂಗಡ’: ಮಲೆನಾಡಿನ ತೋಟದ ಆಳುಗಳದ್ದು ಕೂಲಿಯೋ, ಜೀತವೋ?

ಪ್ರಶ್ನೆ: ತೀರ್ಥಹಳ್ಳಿಯ ಓದುಗ

ಕಳೆದ ತಿಂಗಳು ಹಳೆಯ ಮನೆಯ ಅಟ್ಟ ಗುಡಿಸುವಾಗ ತಗಡಿನ ಪೆಟ್ಟಿಗೆಯೊಂದರಲ್ಲಿ ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ನನ್ನ ಮುತ್ತಜ್ಜ ಕಾರ್ಕಳದ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಬಂದವರು. ಕೊಪ್ಪದ ಸಮೀಪದ ಕಾಫಿ ತೋಟವೊಂದರಲ್ಲಿ ಮೊದಲು ಆಳಾಗಿ, ಆಮೇಲೆ ಮೇಸ್ತ್ರಿಯಾಗಿ ದುಡಿದು, ಕೊನೆಗಾಲಕ್ಕೆ ತೀರ್ಥಹಳ್ಳಿ ಸೀಮೆಯಲ್ಲಿ ಒಂದಿಷ್ಟು ಜಮೀನು ಮಾಡಿಕೊಂಡು ನೆಲೆನಿಂತರು ಎಂಬುದು ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದ ಮಾತು. ಪುಸ್ತಕ ಅವರು ಮೇಸ್ತ್ರಿಯಾಗಿದ್ದ ಕಾಲದ್ದು. ಒಂದೊಂದು ಪುಟದ ನೆತ್ತಿಯಲ್ಲಿ ಒಂದೊಂದು ಹೆಸರು, ಅದರ ಕೆಳಗೆ ‘ಮುಂಗಡ’ ಎಂದು ಒಂದು ಮೊತ್ತ, ಆಮೇಲೆ ವಾರವಾರ ಮುರಿದುಕೊಂಡ ಆಣೆಗಳು, ಕಟ್ಟಕಡೆಗೆ ‘ಬಾಕಿ’. ಆ ಬಾಕಿಯೇ ಮರುವರ್ಷದ ಪುಟದ ಮೊದಲ ಸಾಲಾಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ನಾಲ್ಕಾರು ಹೆಸರುಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ‘ಓಡಿದ’ ಎಂದಷ್ಟೇ ಬರೆದಿದೆ.

ಈ ‘ಓಡಿದ’ ಎಂಬ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಕೂಲಿಯವನು ಕೆಲಸ ಬಿಟ್ಟು ಹೋದರೆ ‘ಬಿಟ್ಟ’ ಎಂದು ಬರೆಯಬೇಕಲ್ಲವೇ, ‘ಓಡಿದ’ ಎಂದು ಏಕೆ ಬರೆದರು? ನನ್ನ ಮಗ ಕಾಲೇಜಿನಲ್ಲಿ ಫಿಜಿ, ಮಾರಿಷಸ್‌ಗಳ ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಭಾರತೀಯರ ಕುರಿತು ಓದುತ್ತಿದ್ದಾನೆ. ಈ ಪುಸ್ತಕ ನೋಡಿ ‘ಇದೂ ಅದೇ ಅಲ್ಲವೇ ಅಪ್ಪ’ ಎಂದು ಕೇಳಿದ. ಉತ್ತರ ಹೊಳೆಯಲಿಲ್ಲ. ಇಷ್ಟು ದಿನ ಮುತ್ತಜ್ಜನನ್ನು ಕಷ್ಟಪಟ್ಟು ಮೇಲೆ ಬಂದ ಮನುಷ್ಯನೆಂದೇ ತಿಳಿದಿದ್ದವನಿಗೆ, ಅವರೇ ಹತ್ತಾರು ಜನರ ಸಾಲದ ಲೆಕ್ಕ ಇಟ್ಟುಕೊಂಡಿದ್ದರು ಎಂಬುದು ಮುಜುಗರವನ್ನೂ ಉಂಟುಮಾಡಿದೆ. ಇನ್ನೊಂದು ಮಾತು: ತೋಟಗಳ ಕೂಲಿಗಾರರ ಚರಿತ್ರೆ ಎಂದ ಕೂಡಲೇ ಕಾಫಿ, ಚಹಾ, ಕಬ್ಬು, ರಬ್ಬರ್ ಎನ್ನುತ್ತಾರೆ. ನಮ್ಮ ಜಿಲ್ಲೆಯ ಅಡಿಕೆ ತೋಟಗಳು ಆ ಪಟ್ಟಿಯಲ್ಲಿ ಏಕಿಲ್ಲ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಇತಿಹಾಸ ಉಪನ್ಯಾಸಕ, ಶಿವಮೊಗ್ಗ

ನಿಮ್ಮ ಮಗನ ಪ್ರಶ್ನೆ ಸರಿಯಾಗಿಯೇ ಇದೆ, ಆದರೆ ‘ಅದೇ’ ಎಂದು ಒಪ್ಪಿಬಿಟ್ಟರೆ ಮಲೆನಾಡಿನ ವಿಶೇಷ ಕಾಣದೆ ಹೋಗುತ್ತದೆ. ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು 1833ರಲ್ಲಿ ಆಯಿತು, 1834ರ ಆಗಸ್ಟ್ 1ರಂದು ಜಾರಿಗೆ ಬಂತು. ಗುಲಾಮರ ಒಡೆಯರಿಗೆ ಪರಿಹಾರವೆಂದು 2 ಕೋಟಿ ಪೌಂಡು ಗೊತ್ತುಮಾಡಿದರು. ಗುಲಾಮರಾಗಿದ್ದವರಿಗೆ ಬಿಡಿಗಾಸೂ ಇಲ್ಲ, ಅದರ ಮೇಲೆ ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ 1838ರವರೆಗೆ ಹಳೆಯ ತೋಟದಲ್ಲೇ ದುಡಿಯಬೇಕಾಯಿತು. ಕಬ್ಬಿನ ತೋಟಗಳಿಗೆ ಅಗ್ಗದ ಆಳು ಬೇಕೇ ಬೇಕಿತ್ತು. 1834ರಲ್ಲಿಯೇ ಮಾರಿಷಸ್‌ಗೆ ಭಾರತದ ಕೂಲಿಗಾರರ ಹಡಗು ಹೋಯಿತು. 1838ರಲ್ಲಿ ಬ್ರಿಟಿಷ್ ಗಯಾನಾ, 1845ರಲ್ಲಿ ಟ್ರಿನಿಡಾಡ್, 1860ರಲ್ಲಿ ನಟಾಲ್, 1879ರಲ್ಲಿ ಫಿಜಿ. ಬಹುಮಟ್ಟಿಗೆ 5 ವರ್ಷದ ಕರಾರು, ಇಂಗ್ಲಿಷಿನ ‘ಅಗ್ರಿಮೆಂಟ್’ ಎಂಬುದು ಕೂಲಿಗಾರರ ಬಾಯಲ್ಲಿ ‘ಗಿರ್ಮಿಟ್’ ಆಯಿತು. (ಮಂಡಕ್ಕಿ ಗಿರ್ಮಿಟ್ ನೆನಪಾದವರು ಮನ್ನಿಸಬೇಕು.) ಹೊಸ ಭರ್ತಿ ನಿಂತದ್ದು 1917ರಲ್ಲಿ.

ಇಲ್ಲಿ ಗಮನಿಸಬೇಕಾದದ್ದು, ಈ ವ್ಯವಸ್ಥೆಯಲ್ಲಿ ಆಳನ್ನು ಕಟ್ಟಿಹಾಕಿದ್ದು ಸರ್ಕಾರ ಮೊಹರು ಹಾಕಿದ ಕರಾರು ಮತ್ತು ನಡುವೆ ಇದ್ದ ಸಮುದ್ರ. ಸಿಂಹಳದ ಕಥೆ ಬೇರೆ. ಅಲ್ಲಿನ ಕಾಫಿ ತೋಟಗಳಿಗೆ ತಮಿಳು ಜಿಲ್ಲೆಗಳಿಂದ ಜನರನ್ನು ಕರೆದೊಯ್ದವನು ಕಂಗಾಣಿ. ಅವನು ಹೆಚ್ಚಾಗಿ ಅದೇ ಊರಿನವನು, ಕೆಲವೊಮ್ಮೆ ಅದೇ ನೆಂಟಸ್ತಿಕೆಯವನು. ದಾರಿಖರ್ಚು, ಅಕ್ಕಿ, ಬಟ್ಟೆ ಎಲ್ಲವನ್ನೂ ಅವನು ಸಾಲವಾಗಿ ಬರೆದುಕೊಳ್ಳುತ್ತಿದ್ದ. 1869ರಲ್ಲಿ ಕಾಫಿ ಎಲೆಗೆ ತುಕ್ಕುರೋಗ ಕಾಣಿಸಿಕೊಂಡು, ಮುಂದಿನ ವರ್ಷಗಳಲ್ಲಿ ತೋಟಗಳು ಹಾಳಾಗಿ, ಸಿಂಹಳ ಚಹಾಕ್ಕೆ ತಿರುಗಿದಾಗಲೂ ಈ ಪದ್ಧತಿ ಮುಂದುವರಿಯಿತು. ಒಂದು ತೋಟ ಬಿಟ್ಟು ಇನ್ನೊಂದಕ್ಕೆ ಹೋಗಲು ‘ತುಂಡು’ ಎಂಬ ಚೀಟಿ ಬೇಕಾಗಿತ್ತು. ‘ಇಷ್ಟು ಸಾಲ ತೀರಿಸಿದರೆ ಈ ಆಳುಗಳನ್ನು ಬಿಡುತ್ತೇವೆ’ ಎಂಬುದು ಅದರ ಒಕ್ಕಣೆ. ಅದನ್ನು 1921ರಲ್ಲಿ ನಿಷೇಧಿಸಿದರು.

ನಮ್ಮ ಘಟ್ಟದ ಮೇಸ್ತ್ರಿ ಈ ಕಂಗಾಣಿಯ ಒಡಹುಟ್ಟಿದವನು. ತೋಟದ ದೊರೆ ಮಳೆಗಾಲದ ಕೊನೆಗೆ ಮೇಸ್ತ್ರಿಯ ಕೈಗೆ ದುಡ್ಡು ಕೊಡುತ್ತಿದ್ದ. ಮೇಸ್ತ್ರಿ ಘಾಟಿ ಇಳಿದು, ಗದ್ದೆ ಕೆಲಸ ಮುಗಿಸಿ ಕೈ ಖಾಲಿ ಮಾಡಿಕೊಂಡು ಕೂತ ಮನೆಗಳಿಗೆ ಅದನ್ನು ಮುಂಗಡವಾಗಿ ಹಂಚಿ, ಜನರನ್ನು ಕರೆದುಕೊಂಡು ಹತ್ತುತ್ತಿದ್ದ. ಆಳುಗಳ ಕೂಲಿಯ ಮೇಲೆ ಅವನಿಗೆ ಕಮಿಷನ್. ಮುಂಗಡ ಮುಳುಗಿದರೆ ಹೊಣೆಯೂ ಅವನದೇ. ಆದ್ದರಿಂದ ನಿಮ್ಮ ಮುತ್ತಜ್ಜನ ಪುಸ್ತಕದಲ್ಲಿರುವ ಬಾಕಿಯನ್ನು ಅವರು ಜನರಿಂದ ಬರಬೇಕಾದ ಹಣವೆಂದು ಮಾತ್ರ ಓದಬೇಡಿ. ಅದು ತೋಟಕ್ಕೆ ಅವರು ಕೊಡಬೇಕಾಗಿದ್ದ ಹಣವೂ ಹೌದು.

ಇನ್ನು ‘ಓಡಿದ’. 1859ರ 13ನೆಯ ಕಾಯ್ದೆ ಎಂಬುದೊಂದಿತ್ತು. ಕಲ್ಕತ್ತೆಯ ವರ್ತಕರು ತಮ್ಮ ಕುಶಲಕರ್ಮಿಗಳು ಮುಂಗಡ ಪಡೆದು ಕೆಲಸ ಮಾಡುವುದಿಲ್ಲವೆಂದು ದೂರಿದ್ದಕ್ಕೆ ಹುಟ್ಟಿದ ಕಾನೂನು ಅದು, ಬಳಸಿಕೊಂಡು ಗೆದ್ದವರು ಮಾತ್ರ ಪ್ಲಾಂಟರುಗಳು. ಮುಂಗಡ ಪಡೆದವನು ತಕ್ಕ ಕಾರಣವಿಲ್ಲದೆ ಕೆಲಸ ಬಿಟ್ಟರೆ ಹಣ ಮರಳಿಸು ಇಲ್ಲವೇ ಕೆಲಸ ಮಾಡು ಎಂದು ಮ್ಯಾಜಿಸ್ಟ್ರೇಟರು ಆದೇಶಿಸಬಹುದಿತ್ತು. ಮೀರಿದರೆ 3 ತಿಂಗಳವರೆಗೆ ಕಠಿಣ ಸಜೆ. ಕೂಲಿ ಕೊಡದ ಒಡೆಯನಿಗೆ ಅದೇ ಕಾಯ್ದೆಯಲ್ಲಿ ಯಾವ ಶಿಕ್ಷೆಯೂ ಇರಲಿಲ್ಲ. ಅಂದರೆ ಸಾಲ ತೀರಿಸದಿರುವುದು ಒಡೆಯನ ಮಟ್ಟಿಗೆ ವ್ಯವಹಾರದ ತಕರಾರು, ಆಳಿನ ಮಟ್ಟಿಗೆ ಅಪರಾಧ. ಹಾಗಾಗಿಯೇ ಪುಸ್ತಕದಲ್ಲಿ ‘ಬಿಟ್ಟ’ ಎಂದಿಲ್ಲ, ‘ಓಡಿದ’ ಎಂದಿದೆ. 1925ರಲ್ಲಿ ರದ್ದತಿಯ ಕಾನೂನು ಬಂದು, ಮರುವರ್ಷದ ಏಪ್ರಿಲ್‌ನಿಂದ ಈ ಕಾಯ್ದೆ ಇಲ್ಲವಾಯಿತು. ಕೊಡಗಿನಲ್ಲಿ ಮಾತ್ರ ಪ್ರತ್ಯೇಕ ಕಾನೂನು ಮಾಡಿಕೊಂಡು ಇನ್ನೂ ಕೆಲವು ವರ್ಷ ಎಳೆದರು.

ಆದರೂ ಇದನ್ನು ಫಿಜಿಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಾರಣ ಬಹಳ ಸರಳ: ಘಾಟಿಯನ್ನು ಕಾಲ್ನಡಿಗೆಯಲ್ಲಿ ಇಳಿಯಬಹುದು. ಆಗುಂಬೆಯಿಂದ ಕೆಳಗಿಳಿದರೆ ಮದ್ರಾಸ್ ಪ್ರಾಂತ್ಯ, ಮೇಲಿದ್ದರೆ ಮೈಸೂರು ಸಂಸ್ಥಾನ. ಓಡಿಹೋದವನನ್ನು ಹಿಡಿಸಲು ಇನ್ನೊಂದು ಸರ್ಕಾರದ ಬಾಗಿಲು ತಟ್ಟಬೇಕು. ಮುಂಗಾರು ಬರುವ ಮೊದಲೇ ಜನ ಭತ್ತದ ನೇಜಿ ನೆಡಲು ಊರಿಗೆ ಹೋಗಿಯೇ ಹೋಗುತ್ತಿದ್ದರು, ಅದನ್ನು ತಡೆಯುವ ಶಕ್ತಿ ಯಾವ ದೊರೆಗೂ ಇರಲಿಲ್ಲ. ಒಬ್ಬನೇ ಆಳು ಇಬ್ಬರು ಮೇಸ್ತ್ರಿಗಳಿಂದ ಮುಂಗಡ ಪಡೆದ, ಹಬ್ಬಕ್ಕೆ ಹೋದವನು ಮರಳಲಿಲ್ಲ ಎಂಬುದು ಪ್ಲಾಂಟರುಗಳ ಮಾಮೂಲು ಗೋಳು. ಅವರ ಗೋಳನ್ನು ತಿರುಗಿಸಿ ಓದಿದರೆ ಆಳುಗಳ ಕೈಯಲ್ಲಿದ್ದ ಪಟ್ಟು ಕಾಣುತ್ತದೆ. ಮುಂಗಡ ಹಗ್ಗವೇ ನಿಜ, ಆದರೆ ಅದರ ಒಂದು ತುದಿ ಆಳಿನ ಕೈಯಲ್ಲೂ ಇತ್ತು.

ಉತ್ತರ: ಲೈನುಮನೆಯ ಮಗಳು, ಕೊಪ್ಪ

ಗುರುಗಳ ವಿವರಣೆಗೆ ನಮಸ್ಕಾರ. ಅವರು ಕೊನೆಗೆ ಹೇಳಿದ ‘ಪಟ್ಟು’ ಗಂಡಸರದು ಎಂಬುದನ್ನು ಮಾತ್ರ ಸೇರಿಸಬೇಕು. ರಾತ್ರೋರಾತ್ರಿ ಘಾಟಿ ಇಳಿದವನು ಒಬ್ಬನೇ ಗಂಡಸು. ಲೈನಿನಲ್ಲಿ, ಅಂದರೆ ತೋಟದ ಆಳುಗಳಿಗೆ ಸಾಲಾಗಿ ಕಟ್ಟಿದ ಮನೆಗಳಲ್ಲಿ, ಹೆಂಡತಿ ಮಕ್ಕಳಿದ್ದರೆ ಅವನ ಬಾಕಿ ಅವಳ ಹೆಸರಿಗೆ ಏರುತ್ತಿತ್ತು. ನನ್ನ ಅಜ್ಜಿ ಹೀಗೆಯೇ ಉಳಿದುಕೊಂಡವಳು, ಅಮ್ಮ ಹುಟ್ಟಿದ್ದು ಅದೇ ಲೈನಿನಲ್ಲಿ, ನಾನೂ ಅಲ್ಲಿಯೇ ಹುಟ್ಟಿದವಳು. ಯಾವ ತೋಟ ಎಂದು ಬರೆಯುವುದಿಲ್ಲ.

ಕುಯ್ಲಿನ ದಿನಗಳಲ್ಲಿ ಇನ್ನೂ ನಸುಕಿರುವಾಗಲೇ ಗಂಟೆ ಹೊಡೆಯುತ್ತಿದ್ದರು. ತೋಟದ ಲೆಕ್ಕ ಬರೆಯುವ ರೈಟರು ಕಣದ ಕಟ್ಟೆಯ ಮೇಲೆ ನಿಂತು ಹಾಜರಿ ಕರೆಯುವಷ್ಟರಲ್ಲಿ ಅಮ್ಮ ಸೊಂಟಕ್ಕೆ ಚೀಲ ಬಿಗಿದುಕೊಂಡು, ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತಿರಬೇಕು. ಇಬ್ಬನಿಯಲ್ಲಿ ಮುಳುಗಿದ ಗಿಡವನ್ನು ಬಗ್ಗಿಸಿದರೆ ತೋಳಿನೊಳಗೆ ನೀರು ಮೊಣಕೈವರೆಗೂ ಇಳಿಯುತ್ತದೆ. ಕೆಂಪು ಹಣ್ಣನ್ನು ಮಾತ್ರ ಬಿಡಿಸಬೇಕು. ಹಸಿರು ಕಾಯಿ ಬೆರೆತಿದ್ದರೆ ಸಂಜೆ ಅಳತೆಯ ಹೊತ್ತಿಗೆ ಚೀಲವನ್ನು ನೆಲಕ್ಕೆ ಸುರಿಸಿ, ಅವಳ ಕೈಯಿಂದಲೇ ಆರಿಸುತ್ತಿದ್ದರು. ಆರಿಸುವ ಆ ಹೊತ್ತಿಗೆ ಕೂಲಿ ಇಲ್ಲ. ಇವತ್ತಿಗೂ ಅಮ್ಮ ಕಾಫಿ ಕುಡಿಯುವುದಿಲ್ಲ, ಬೆಲ್ಲದ ಕಷಾಯವೇ ಆಗಬೇಕು.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 1954ರಲ್ಲಿ ಜಾರಿಗೆ ಬಂದ ಮೇಲೆ ಮನೆ, ಕುಡಿಯುವ ನೀರು, ಔಷಧ, ಹೆರಿಗೆಯ ಸೌಲಭ್ಯ ಇವೆಲ್ಲ ಮಾಲೀಕರ ಕರ್ತವ್ಯವಾದವು. 50 ಅಥವಾ ಹೆಚ್ಚು ಹೆಂಗಸರಿದ್ದ ತೋಟದಲ್ಲಿ ಶಿಶುಮನೆ ಇರಬೇಕಿತ್ತು, 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಶಾಲೆ ಇರಬೇಕಿತ್ತು. ಮಳೆ ಚಳಿಗೆ ಕೊಡೆ, ಕಂಬಳಿ ಕೊಡಿಸುವ ನಿಯಮವನ್ನು ಸರ್ಕಾರ ಮಾಡಬಹುದು ಎಂದೂ ಅದರಲ್ಲಿತ್ತು. ನಮ್ಮ ಲೈನಿಗೆ ಕಂಬಳಿ ಬಂತು, ಶಿಶುಮನೆ ಬರಲಿಲ್ಲ. ನನ್ನನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ, ಒಂದೊಂದು ಸಾಲು ಮುಗಿದಾಗ ಬಂದು ನೋಡುತ್ತಿದ್ದಳಂತೆ.

ಮನೆ ಕೊಟ್ಟರು ಎನ್ನುವುದರಲ್ಲಿಯೇ ಒಂದು ಗಂಟಿದೆ. ಲೈನುಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸದ ಜೊತೆಗೇ ಹೋಗುವಂಥದ್ದು. ಮೂವತ್ತು ನಲವತ್ತು ವರ್ಷ ಒಂದೇ ಸೂರಿನಡಿ ಇದ್ದವರಿಗೆ ಊರಲ್ಲಿ ಅಂಗುಲ ಜಾಗವಿರುವುದಿಲ್ಲ, ತೋಟದಲ್ಲೂ ಇರುವುದಿಲ್ಲ. ವಯಸ್ಸಾದ ಮೇಲೆ ಮಗನೋ ಸೊಸೆಯೋ ಅದೇ ತೋಟದ ಹಾಜರಿಯಲ್ಲಿದ್ದರೆ ಮಾತ್ರ ಮನೆ ಉಳಿಯುತ್ತದೆ. ಕಾಯ್ದೆ ಬಂದ ಮೇಲೆ ಮುಂಗಡ ಮಾಡುತ್ತಿದ್ದ ಕೆಲಸವನ್ನು ನಮ್ಮಲ್ಲಿ ಮನೆ ಮಾಡಿತು ಎಂದು ನನಗೆ ಅನ್ನಿಸುತ್ತದೆ.

ಉತ್ತರ: ಸಾಗರದ ತೋಟಿಗ

ಅಡಿಕೆಯ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೂರೂವರೆ ಎಕರೆ ತೋಟದ ಮಾಲೀಕ ನಾನು, ಆ ಬದಿಯಿಂದ ಬರೆಯುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೇಲೆ ಹೇಳಿದ, 2025ರವರೆಗೆ ಜಾರಿಯಲ್ಲಿದ್ದ 1951ರ ಕಾಯ್ದೆ ಚಹಾ, ಕಾಫಿ, ರಬ್ಬರ್, ಸಿಂಕೋನಾ ಮತ್ತು ಏಲಕ್ಕಿ ತೋಟಗಳಿಗೆ ತಾನಾಗಿಯೇ ಅನ್ವಯಿಸುತ್ತಿತ್ತು. ಅದೂ ತಿದ್ದುಪಡಿಯಾದ ಮೇಲಿನ ಲೆಕ್ಕದಲ್ಲಿ 5 ಹೆಕ್ಟೇರ್ ಮತ್ತು 15 ಆಳುಗಳಿದ್ದರೆ. ಅಡಿಕೆ ಆ ಪಟ್ಟಿಯಲ್ಲಿರಲಿಲ್ಲ. ನಮ್ಮವು ಕಣಿವೆಯೊಂದಕ್ಕೆ ನಾಲ್ಕು ಮನೆ, ಮನೆಗೆ ಎರಡು ಎಕರೆ ಎಂಬ ಲೆಕ್ಕದ ತುಂಡು ತೋಟಗಳು. ಹಾಗೆಂದು ಅಡಿಕೆಗೆ ಆಳಿನ ಚರಿತ್ರೆ ಇಲ್ಲವೆಂದಲ್ಲ. ಕಾಫಿಯ ದೊರೆಗಳು ಬರುವ ಬಹಳ ಮೊದಲೇ ಮಲೆನಾಡಿನಲ್ಲಿ ‘ಹುಟ್ಟಾಳು’ ಮತ್ತು ‘ಮಣ್ಣಾಳು’ ಎಂಬ ಎರಡು ಮಾತುಗಳಿದ್ದವು. ಒಡೆಯನ ಮನೆಗೆ ಹುಟ್ಟಿನಿಂದಲೇ ಸೇರಿದವನು ಹುಟ್ಟಾಳು, ಜಮೀನಿನ ಜೊತೆಗೆ ಕೈಬದಲಾಗುವವನು ಮಣ್ಣಾಳು. ಇವರು ಬಹುಪಾಲು ಇಂದು ದಲಿತರೆಂದು ಕರೆಯುವ ಸಮುದಾಯದವರು. ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆ ಇಲ್ಲವೆಂದು ಭಾರತದಲ್ಲಿ 1843ರಲ್ಲೇ ಕಾಯ್ದೆಯಾದರೂ ಪದಗಳೂ ಪದ್ಧತಿಯೂ ಅದಾದ ಮೇಲೂ ಬಹುಕಾಲ ಬಾಳಿದವು. ಹಡಗು, ಕರಾರು, ಮೇಸ್ತ್ರಿ ಯಾವುದೂ ಇಲ್ಲದ ಕಟ್ಟು ಇದು. ಮಗನ ಮದುವೆಗೆ ಒಡೆಯ ಕೊಟ್ಟ ಸಾಲ ಸಾಕಾಗುತ್ತಿತ್ತು. ಸಾಲಕ್ಕಾಗಿ ಜೀತ ಇಟ್ಟುಕೊಳ್ಳುವುದು ದೇಶಾದ್ಯಂತ ಅಪರಾಧವಾದದ್ದು 1976ರ ಕಾಯ್ದೆಯಿಂದ, ಅಂದರೆ ನಾನು ಹೈಸ್ಕೂಲಿನಲ್ಲಿದ್ದಾಗ.

ಭೂಮಿಯ ವಿಚಾರದಲ್ಲಿ ಮಾತ್ರ ಕಾಫಿ ಮತ್ತು ಅಡಿಕೆ ಬೇರೆ ಬೇರೆ ದಾರಿ ಹಿಡಿದವು. ನಮ್ಮ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ದೀವರ ಸಮುದಾಯದ ಗೇಣಿದಾರರು ಹೂಡಿದ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಅದು, ಎಚ್. ಗಣಪತಿಯಪ್ಪನವರು ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿ ಜಮೀನು ಸರ್ಕಾರದ ವಶವಾಗಿ, ನಮೂನೆ 7 ಸಲ್ಲಿಸಿದ ಗೇಣಿದಾರರಿಗೆ ಹಕ್ಕು ಬರುವ ಹಾದಿ ತೆರೆಯಿತು. ಆ ಕಾನೂನಿನಲ್ಲಿ ಕಾಫಿ, ಚಹಾ, ರಬ್ಬರ್, ಏಲಕ್ಕಿ ತೋಟಗಳಿಗೆ ವಿನಾಯಿತಿ ಇತ್ತು, ಅಡಿಕೆಗೆ ಇರಲಿಲ್ಲ. ಹಾಗಾಗಿ ಅಡಿಕೆಯನ್ನು ಗೇಣಿಗೆ ಮಾಡುತ್ತಿದ್ದವನು ತೋಟದ ಒಡೆಯನಾದ. ಕಾಫಿಯ ಲೈನಿನಲ್ಲಿದ್ದವರು ಗೇಣಿದಾರರೂ ಆಗಿರಲಿಲ್ಲ, ಕಾನೂನು ಅವರ ತೋಟವನ್ನು ಮುಟ್ಟಲೂ ಇಲ್ಲ. ಪಟ್ಟಿಯಲ್ಲಿ ಇಲ್ಲದಿರುವುದು ಅಡಿಕೆಯ ಕೂಲಿಯವನಿಗೆ ನಷ್ಟ, ಅಡಿಕೆಯ ಗೇಣಿದಾರನಿಗೆ ಲಾಭ. ವಿಚಿತ್ರವೆನಿಸಿದರೂ ನಡೆದದ್ದು ಹಾಗೆ.

ಇವತ್ತಿನ ಮಾತೆಂದರೆ, ಮುಂಗಡದ ದಿಕ್ಕು ತಿರುಗಿದೆ. ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವವರು ಈಗ ಬೆರಳೆಣಿಕೆಯಷ್ಟು. ಮರದ ತುದಿಯಲ್ಲಿ ಮಣೆ ಕಟ್ಟಿ ಕೂತು, ಒಂದು ಮರದಿಂದ ಇನ್ನೊಂದನ್ನು ದೋಟಿಯಿಂದ ಎಳೆದುಕೊಂಡು ದಾಟಿ, ಕೊನೆಯನ್ನು ಹಗ್ಗದ ಮೇಲೆ ಜಾರಿಸುವ ಕಸುಬು ಇಪ್ಪತ್ತರ ಹುಡುಗರಿಗೆ ಬೇಡವಾಗಿದೆ. ಬೋರ್ಡೋ ಎಂಬ ಮೈಲುತುತ್ತು-ಸುಣ್ಣದ ದ್ರಾವಣ ಹೊಡೆಯುವ ಮಳೆಗಾಲದಲ್ಲಂತೂ ಬಿಸಿಲು ಬಿದ್ದ ಎರಡು ದಿನ ಎಲ್ಲರಿಗೂ ಅವನೇ ಬೇಕು. ಈ ಔಷಧಿಯನ್ನು ಮಳೆಗಾಲದಲ್ಲಿ ಅಡಿಕೆ ಕಾಯಿ ಉದುರಿಸುವ ಕೊಳೆರೋಗಕ್ಕೆ ಬಳಸುವುದನ್ನು ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ತೋರಿಸಿಕೊಟ್ಟರು. ಅದಕ್ಕೂ ಮೊದಲು ಒಂದೊಂದು ಕೊನೆಗೂ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. ಹೋದ ವರ್ಷ ನಾನು ಕೊಟ್ಟ ಮುಂಗಡ ಪಡೆದವನು ಪಕ್ಕದ ಊರಿನ ತೋಟದಲ್ಲಿ ಮೊದಲು ಹೊಡೆದ. ನನ್ನ ತೋಟಕ್ಕೆ ಬರುವಷ್ಟರಲ್ಲಿ ಉದುರಿದ ಹಸಿರು ಕಾಯಿಯನ್ನು ಬುಟ್ಟಿಗಟ್ಟಲೆ ಹೆಕ್ಕಿದ್ದಾಗಿತ್ತು. ಕೋಪ ಬಂತು. ಆದರೆ ಉಪನ್ಯಾಸಕರು ಬರೆದ ದೊರೆಗಳ ಗೋಳನ್ನು ಓದಿದಾಗ ಅದು ನನ್ನ ದನಿಯಂತೆಯೇ ಕೇಳಿಸಿತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮರುಪ್ರಶ್ನೆ: ತೀರ್ಥಹಳ್ಳಿಯ ಓದುಗ

ಮೂವರಿಗೂ ಕೃತಜ್ಞತೆಗಳು. ನಿಮ್ಮ ಮಾತು ಓದಿದ ಮೇಲೆ ಪುಸ್ತಕವನ್ನು ಮೊದಲಿನಿಂದ ಮತ್ತೆ ನೋಡಿದೆ. ‘ಓಡಿದ’ ಎಂದು ಬರೆದ ಹೆಸರುಗಳಲ್ಲಿ ಎರಡು, ಕೆಲವು ಪುಟಗಳ ನಂತರ ಹೊಸ ಮುಂಗಡದೊಂದಿಗೆ ಮತ್ತೆ ಬಂದಿವೆ; ಹಳೆಯ ಬಾಕಿಯನ್ನು ಅಲ್ಲಿ ಸೇರಿಸಿಲ್ಲ. ಮರೆತರೋ, ಆಳು ಸಿಗಲೆಂದು ಬಿಟ್ಟುಕೊಟ್ಟರೋ ಹೇಳಲಾರೆ. ಇಷ್ಟು ದಿನ ರಟ್ಟಿಗೆ ಅಂಟಿಕೊಂಡಿದ್ದ ಮೊದಲ ಹಾಳೆಯನ್ನು ಬಿಡಿಸಿದಾಗ ಅದರಲ್ಲಿದ್ದದ್ದು ಮುತ್ತಜ್ಜನದೇ ಹೆಸರು, ಬೇರೆ ಯಾರದೋ ಕೈಬರಹದಲ್ಲಿ, ಕೆಳಗೆ ಬಾಕಿಯೂ ಇದೆ.

ಇನ್ನೊಂದು ಸಂದೇಹ ಕೊಪ್ಪದ ಸಹೋದರಿಯವರಿಗೆ. ಹೆಂಗಸರ ಮತ್ತು ಕೆಲವು ಹುಡುಗರ ಹೆಸರಿನ ಮುಂದೆ ಅರೆಯ ಗುರುತಿದೆ. ಅರ್ಧ ದಿನದ ಕೆಲಸವೆಂದುಕೊಂಡೆ, ಆದರೆ ಸುಗ್ಗಿಯುದ್ದಕ್ಕೂ ಅವರೆಲ್ಲ ಅರ್ಧ ದಿನವೇ ಬಂದಿರಲು ಸಾಧ್ಯವೇ?

ಉತ್ತರ: ಲೈನುಮನೆಯ ಮಗಳು, ಕೊಪ್ಪ

ಗುರುತು ದಿನದ ಹಾಜರಿಯ ಚೌಕದಲ್ಲಿದ್ದರೆ ಅದು ಅರ್ಧ ದಿನ. ಮಗುವಿಗೆ ಹಾಲೂಡಿಸಿ ತಡವಾಗಿ ಬಂದ ದಿನಗಳಲ್ಲಿ ಅಮ್ಮನಿಗೆ ಹಾಗೆ ಬೀಳುತ್ತಿತ್ತು. ಹೆಸರಿನ ಮುಂದೆಯೇ ಇದ್ದರೆ ಅದು ‘ಅರ್ಧಾಳು’ ಎಂದಿರಬೇಕು, ಅಣ್ಣ. ದಿನವಿಡೀ ದುಡಿದರೂ ಬಟವಾಡೆಯಲ್ಲಿ ಅರ್ಧ ಕೂಲಿ. ಹುಡುಗರಿಗೆ ಮೀಸೆ ಚಿಗುರಿದ ಮೇಲೆ ಆ ಗುರುತನ್ನು ತೆಗೆಯುತ್ತಿದ್ದರಂತೆ. ಹೆಂಗಸರ ಪುಟಗಳಲ್ಲಿ ಅದು ಎಲ್ಲಿಯಾದರೂ ತೆಗೆದದ್ದು ಕಂಡರೆ ನನಗೆ ತಿಳಿಸಿ.